ಹಿಮ ಚಿರತೆ, ಹಿಮಮಾನವ, ಹುಮಾ: ಮಧ್ಯ ಏಷ್ಯಾದ ಬೆಟ್ಟಗಳಲ್ಲಿ ಯಾವುದು ಪ್ರಾಣಿ, ಯಾವುದು ಕಥೆ?

ಅಕ್ಟೋಬರ್ 23 ಅಂತರರಾಷ್ಟ್ರೀಯ ಹಿಮ ಚಿರತೆ ದಿನ. 2013ರಲ್ಲಿ ಅದೇ ದಿನ ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ನಲ್ಲಿ, ಹಿಮ ಚಿರತೆ ಬದುಕಿರುವ ಭಾರತವೂ ಸೇರಿದ ಹನ್ನೆರಡು ದೇಶಗಳು ಅದನ್ನು ಉಳಿಸುವ ಘೋಷಣೆಗೆ ಒಪ್ಪಿಗೆ ಕೊಟ್ಟವು. 2024ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಆ ದಿನಕ್ಕೆ ಮಾನ್ಯತೆ ನೀಡಿತು. ಹಾಗಾಗಿ ಆ ಹೊತ್ತಿಗೆ ಮೊಬೈಲಿಗೆ ಹಿಮ ಚಿರತೆಯ ಚಿತ್ರಗಳು ಬರುತ್ತವೆ, ಅವುಗಳ ಬೆನ್ನಿಗೇ ಹಿಮಮಾನವನ ವಿಡಿಯೊ, ರೆಕ್ಕೆಯ ಸಿಂಹದ ಚಿತ್ರ, ನೆಲಕ್ಕೇ ಇಳಿಯದ ಹಕ್ಕಿಯ ಕಥೆಯೂ ಬರುತ್ತವೆ. ಎಲ್ಲವೂ ಒಂದೇ ಬೆಟ್ಟಸಾಲಿನವು ಎಂಬ ಒಕ್ಕಣೆ ಬೇರೆ. ಇವುಗಳಲ್ಲಿ ಯಾವುದರ ಹಿಂದೆ ನಿಜವಾದ ಪ್ರಾಣಿ ಇದೆ, ಯಾವುದರ ಹಿಂದೆ ಇಲ್ಲ, ಅದು ಗೊತ್ತಾಗಿದ್ದು ಹೇಗೆ ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಯಾವ ಬೆಟ್ಟಗಳು ಇವು?

ಹಿಮಾಲಯದಿಂದ ವಾಯುವ್ಯಕ್ಕೆ, ಕಾರಕೋರಂ ಮತ್ತು ಹಿಂದೂಕುಷ್ ದಾಟಿದರೆ ಪಾಮೀರ್ ಸಿಗುತ್ತದೆ. ಅದರ ಬಹುಭಾಗ ತಜಕಿಸ್ತಾನದಲ್ಲಿದೆ. ಅಲ್ಲಿನ ಅತಿ ಎತ್ತರದ ಶಿಖರ ಇಸ್ಮೊಯಿಲ್ ಸೊಮೊನಿ, 7,495 ಮೀಟರ್. ಪಾಮೀರಿನ ಈಶಾನ್ಯಕ್ಕೆ ಕಿರ್ಗಿಸ್ತಾನ, ಕಜಕಸ್ತಾನ ಮತ್ತು ಚೀನಾದೊಳಗೆ ಸುಮಾರು 2,500 ಕಿಲೋಮೀಟರ್ ಹಬ್ಬಿದ್ದು ಟಿಯಾನ್ ಶಾನ್. ಇನ್ನೂ ಮೇಲೆ ರಷ್ಯಾ, ಮಂಗೋಲಿಯಾ ಗಡಿಯಲ್ಲಿ ಅಲ್ತಾಯ್.

ಸಮುದ್ರದಿಂದ ಬಹಳ ದೂರವಿರುವುದರಿಂದ ಇಲ್ಲಿ ಮಳೆ ಕಡಿಮೆ. ಕಣಿವೆಗಳ ಉತ್ತರ ಮಗ್ಗುಲಲ್ಲಿ ಒಂದಿಷ್ಟು ಸ್ಪ್ರೂಸ್ ಮರಗಳು, ಅದರ ಮೇಲೆ ಬೇಸಿಗೆಯ ಎರಡು ಮೂರು ತಿಂಗಳು ಮಾತ್ರ ಹಸಿರಾಗುವ ಹುಲ್ಲುಗಾವಲು, ಅದಕ್ಕೂ ಮೇಲೆ ಬರಿ ಬಂಡೆ ಮತ್ತು ಹಿಮ. ಹುಲ್ಲನ್ನು ನಂಬಿಕೊಂಡು ಮಾರ್ಮಟ್ ಎಂಬ ಬಿಲವಾಸಿ ದಪ್ಪ ಅಳಿಲು, ಐಬೆಕ್ಸ್ ಕಾಡುಮೇಕೆ, ಅರ್ಗಾಲಿ ಕಾಡುಕುರಿಗಳಿವೆ. ಅವನ್ನು ನಂಬಿಕೊಂಡು ಹಿಮ ಚಿರತೆ, ತೋಳ ಇವೆ. ಕರಡಿ ಹುಲ್ಲನ್ನೂ ತಿನ್ನುತ್ತದೆ, ಮಾರ್ಮಟ್ಟನ್ನೂ ಅಗೆದು ತಿನ್ನುತ್ತದೆ. ಕೊನೆಗೆ ಉಳಿಯುವ ಮೂಳೆಗೂ ಒಂದು ಹಕ್ಕಿ ಇದೆ. ಬೇಸಿಗೆಯಲ್ಲಿ ಕುರಿ, ಕುದುರೆ, ಯಾಕ್‌ಗಳ ಜೊತೆ ಮನುಷ್ಯರೂ ಇದೇ ಹುಲ್ಲುಗಾವಲಿಗೆ ಹತ್ತುತ್ತಾರೆ. ಇಲ್ಲಿನ ಕಥೆಗಳಲ್ಲಿ ಹೆಚ್ಚಿನವು ಈ ಕುರಿಗಾಹಿಗಳದ್ದು ಮತ್ತು ಬೇಟೆಗಾರರದ್ದು.

ಹಿಮ ಚಿರತೆ: ಇದ್ದೂ ಕಾಣದ ಪ್ರಾಣಿ

ಹೆಸರಿನಲ್ಲಿ ಚಿರತೆ ಎಂದಿದ್ದರೂ ವಂಶವಾಹಿಗಳ ಪ್ರಕಾರ ಇದರ ಹತ್ತಿರದ ನಂಟು ಹುಲಿಯ ಜೊತೆ. ತೂಕ ಸಾಮಾನ್ಯವಾಗಿ 22ರಿಂದ 55 ಕಿಲೋ, ಅಂದರೆ ನಮ್ಮ ಕಾಡಿನ ದೊಡ್ಡ ಗಂಡು ಚಿರತೆಗಿಂತ ಸಣ್ಣದು. ಬಾಲ ಮಾತ್ರ ಹೆಚ್ಚುಕಡಿಮೆ ಮೈಯಷ್ಟೇ ಉದ್ದ. ಕಡಿದಾದ ಬಂಡೆಯ ಮೇಲೆ ಐಬೆಕ್ಸನ್ನು ಬೆನ್ನಟ್ಟುವಾಗ ತೂಕ ಸರಿದೂಗಿಸಲು ಅದು ಬೇಕು. ಮಲಗಿದಾಗ ಮೂತಿ, ಪಾದ ಮುಚ್ಚಿಕೊಳ್ಳುವ ಹೊದಿಕೆಯೂ ಅದೇ. ಚಳಿಗಾಲದಲ್ಲಿ ಹೊಟ್ಟೆಯ ಭಾಗದ ಕೂದಲು 12 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಅಗಲವಾದ ಮೂಗಿನ ಹೊಳ್ಳೆಗಳ ಒಳಗೆ ತಣ್ಣನೆಯ ಗಾಳಿ ಶ್ವಾಸಕೋಶ ಸೇರುವ ಮೊದಲೇ ಬೆಚ್ಚಗಾಗುತ್ತದೆ.

ಇದಕ್ಕೆ ಘರ್ಜಿಸಲು ಬರುವುದಿಲ್ಲ. ಜನವರಿಯಿಂದ ಮಾರ್ಚ್‌ವರೆಗಿನ ಬೆದೆಗಾಲದಲ್ಲಿ ಮಾತ್ರ ರಾತ್ರಿ ಹೊತ್ತು ಎಳೆದೆಳೆದು ಕೂಗುತ್ತದೆ. ಪ್ರಾಣಿ ಎಲ್ಲಿದೆಯೆಂದು ಕಾಣದು, ಕೂಗು ಮಾತ್ರ ಕಣಿವೆಯ ಆಚೆ ದಡದವರೆಗೂ ಕೇಳುತ್ತದೆ. ಮನುಷ್ಯರ ತಂಟೆಗೆ ಬರುವುದು ಅತಿ ಅಪರೂಪ. 1940ರ ಜುಲೈನಲ್ಲಿ ಅಲ್ಮಾಟಿ ಬಳಿಯ ಕಣಿವೆಯಲ್ಲಿ ಒಂದು ಹಿಮ ಚಿರತೆ ಇಬ್ಬರ ಮೇಲೆ ಎರಗಿತ್ತು. ಆಮೇಲೆ ಪರೀಕ್ಷಿಸಿದರೆ ಅದಕ್ಕೆ ರೇಬೀಸ್ ತಗುಲಿತ್ತು.

ಅದು ಕುರಿಯ ತಂಟೆಗೆ ಬರುವುದೇ ನಿಜವಾದ ಜಗಳ. ಬೇಟೆಯಲ್ಲಿ ಸುಮಾರು ಎಂಟು ದಿನಕ್ಕೆ ಒಂದು ದೊಡ್ಡ ಪ್ರಾಣಿ ಸಿಕ್ಕರೆ ಸಾಕು. ಆದರೆ ಕುರಿರೊಪ್ಪದೊಳಗೆ ನುಗ್ಗಿತೆಂದರೆ ಲೆಕ್ಕ ತಪ್ಪುತ್ತದೆ: ತಪ್ಪಿಸಿಕೊಳ್ಳಲು ಜಾಗವಿಲ್ಲದ ಕುರಿಗಳು ಸುತ್ತಲೂ ಹಾರಾಡುತ್ತವೆ, ಓಡುವುದೆಲ್ಲವನ್ನೂ ಹಿಡಿಯುವ ಸ್ವಭಾವ ಕೆರಳಿ ಚಿರತೆ ಒಂದೇ ರಾತ್ರಿ ಹತ್ತಾರು ಕುರಿಗಳನ್ನು ಕೊಲ್ಲಬಹುದು. ಬೆಳಗ್ಗೆ ದಣಿದು ಅಲ್ಲೇ ಕೂತಿರುತ್ತದೆ, ಮಾಲೀಕ ಕೊಲ್ಲುತ್ತಾನೆ. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆಯ 2016ರ ವರದಿಯಂತೆ 2008ರಿಂದ ವರ್ಷಕ್ಕೆ 221ರಿಂದ 450 ಹಿಮ ಚಿರತೆಗಳು ಹತವಾಗಿವೆ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥ ಸೇಡಿಗೆ. ಪರಿಹಾರ ದುಬಾರಿಯದ್ದೇನಲ್ಲ. ಗೋಡೆ ಎತ್ತರಿಸುವುದು, ಮೇಲೆ ತಂತಿಬಲೆಯ ಚಾವಣಿ ಹಾಕುವುದು, ಒಳಗಿನಿಂದ ನೂಕಿದರೂ ತೆರೆಯದ ಗಟ್ಟಿ ಬಾಗಿಲು. ಗೋಡೆ ಎಷ್ಟೇ ಎತ್ತರವಿದ್ದರೂ ಚಾವಣಿ ಬಿಟ್ಟರೆ ಕೆಲಸ ಕೆಟ್ಟಂತೆ, ಏಕೆಂದರೆ ರೊಪ್ಪಗಳನ್ನು ಬೆಟ್ಟದ ಮಗ್ಗುಲಿಗೆ ಕಟ್ಟುವ ಕಡೆ ಚಿರತೆ ಮೇಲಿನ ಬಂಡೆಯಿಂದಲೇ ಧುಮುಕುತ್ತದೆ.

ಕಾಣದ್ದನ್ನು ಎಣಿಸುವುದು ಹೇಗೆ?

ಮಂಗೋಲಿಯಾದ ತೋಸ್ತ್ ಬೆಟ್ಟಗಳಲ್ಲಿ ರೇಡಿಯೊ ಕಾಲರ್ ಹಾಕಿ ನೋಡಿದಾಗ ಒಂದು ಗಂಡು ಸರಾಸರಿ 207 ಚದರ ಕಿಲೋಮೀಟರ್, ಹೆಣ್ಣು 124 ಚದರ ಕಿಲೋಮೀಟರ್ ಸೀಮೆಯಲ್ಲಿ ಓಡಾಡುತ್ತಿದ್ದುದು ಗೊತ್ತಾಯಿತು. ಇಷ್ಟು ಜಾಗದಲ್ಲಿ ಕಾಲ್ನಡಿಗೆಯಲ್ಲಿ ಹುಡುಕುವುದು ವ್ಯರ್ಥ. ಅದಕ್ಕೇ ಕ್ಯಾಮೆರಾ ಟ್ರ್ಯಾಪ್, ಅಂದರೆ ಎದುರಿಗೆ ಏನಾದರೂ ಹಾದರೆ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾ.

ಹಿಮ ಚಿರತೆ ಬೆಟ್ಟದ ಏಣಿನ ಮೇಲೆ, ಕಣಿವೆಗಳು ಕೂಡುವ ಕಡೆ, ಚಾಚಿಕೊಂಡ ಬಂಡೆಯ ಬುಡದಲ್ಲಿ ಹಿಂಗಾಲಿನಿಂದ ಮಣ್ಣು ಕೆರೆದು, ಬಂಡೆಗೆ ಮೂತ್ರ ಸಿಂಪಡಿಸಿ ಗುರುತು ಬಿಡುತ್ತದೆ. ಕ್ಯಾಮೆರಾ ಅಲ್ಲಿಂದ ಮೂರು ನಾಲ್ಕು ಮೀಟರ್ ದೂರದಲ್ಲಿ, ನೆಲದಿಂದ 40–50 ಸೆಂಟಿಮೀಟರ್ ಎತ್ತರದಲ್ಲಿ ಇರಬೇಕು. ಎದುರಿನ ಹುಲ್ಲನ್ನು ಕೀಳದಿದ್ದರೆ ಗಾಳಿಗೆ ಹುಲ್ಲು ಆಡಿದಾಗಲೆಲ್ಲ ಚಿತ್ರ ತೆಗೆದು ಕಾರ್ಡ್ ತುಂಬುತ್ತದೆ. ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿದರೆ ಸೂರ್ಯನೇ ಗುಂಡಿ ಒತ್ತಿದಂತೆ. ಸಾಮಾನ್ಯ ಸೆಲ್‌ಗಳು ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲಿ ಕೈಕೊಡುತ್ತವೆ. ಲಿಥಿಯಂ ಸೆಲ್ ಬೇಕು.

ಒಂದೊಂದು ಚಿರತೆಯ ಚುಕ್ಕೆ-ಉಂಗುರಗಳ ವಿನ್ಯಾಸ ಒಂದೊಂದು ಥರ. ಅದರಲ್ಲೂ ಎಡ ಮಗ್ಗುಲಿನದು ಬಲ ಮಗ್ಗುಲಿಗೆ ಹೋಲುವುದಿಲ್ಲ. ಎಡಗಡೆಯ ಒಂದು ಚಿತ್ರ, ಬಲಗಡೆಯ ಒಂದು ಚಿತ್ರ ಸಿಕ್ಕರೆ ಅದು ಒಂದೇ ಚಿರತೆಯೋ ಎರಡೋ ಹೇಳಲಾಗದು. ದಪ್ಪ ಕೂದಲು ಮುದುಡಿ ಚುಕ್ಕೆಯ ಆಕಾರವನ್ನೇ ಬದಲಿಸಿರುತ್ತದೆ. 2020ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಮೃಗಾಲಯಗಳಲ್ಲಿದ್ದ ಹಿಮ ಚಿರತೆಗಳ ಚಿತ್ರಗಳನ್ನು ಬೆರೆಸಿ ಗುರುತಿಸಲು ಕೊಟ್ಟಾಗ, ಅಂಥ ತಪ್ಪುಗಳಿಂದ ಒಟ್ಟು ಅಂದಾಜು ಸುಮಾರು ಮೂರನೇ ಒಂದರಷ್ಟು ಹೆಚ್ಚಾಗಿ ಬಂತು. ತಪ್ಪಿನಲ್ಲಿ ಹೆಚ್ಚಿನವು ಒಂದೇ ಚಿರತೆಯನ್ನು ಎರಡೆಂದು ಎಣಿಸಿದ್ದು.

ಭಾರತದ ಲೆಕ್ಕವನ್ನೇ ನೋಡಿ. 2024ರ ಜನವರಿಯಲ್ಲಿ ಪ್ರಕಟವಾದ ಮೊದಲ ರಾಷ್ಟ್ರೀಯ ಗಣತಿಯ ಅಂಕಿ 718. ಅದರಲ್ಲಿ 477 ಲಡಾಖ್‌ನಲ್ಲೇ. ಆದರೆ 1,971 ಜಾಗಗಳಲ್ಲಿಟ್ಟ ಕ್ಯಾಮೆರಾಗಳಲ್ಲಿ ಬೇರೆ ಬೇರೆ ಎಂದು ಗುರುತಾದದ್ದು 241 ಚಿರತೆ. ಉಳಿದದ್ದು, ಒಂದೇ ಚಿರತೆ ಎಷ್ಟು ಸಲ, ಎಷ್ಟು ದೂರದ ಕ್ಯಾಮೆರಾಗಳಿಗೆ ಸಿಕ್ಕಿತು ಎಂಬುದರಿಂದ ಕಟ್ಟಿದ ಅಂದಾಜು. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ನಡೆಸಿದ ಈ ಗಣತಿಯಲ್ಲಿ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಪಾಲುದಾರ ಸಂಸ್ಥೆಯಾಗಿತ್ತು. ಹಿಮವೇ ಬೀಳದ ಊರಿನ ಸಂಸ್ಥೆಯೊಂದು ದಶಕಗಳಿಂದ ಹಿಮ ಚಿರತೆಯ ಕೆಲಸ ಮಾಡುತ್ತಿರುವುದು ನಮ್ಮಲ್ಲೇ ಹಲವರಿಗೆ ಗೊತ್ತಿಲ್ಲ.

ಹಿಮಮಾನವ: ಕೂದಲು ಹೇಳಿದ್ದೇನು?

ಮಂಗೋಲಿಯಾದಲ್ಲಿ ಅಲ್ಮಾಸ್, ಕಿರ್ಗಿಜರಲ್ಲಿ ಕಿಯಿಕ್ ಕಿಶಿ. ಮೈತುಂಬ ಕೂದಲಿರುವ, ಎರಡು ಕಾಲಲ್ಲಿ ನಡೆಯುವ ಕಾಡುಮನುಷ್ಯನ ಕಥೆ ಈ ಬೆಟ್ಟಗಳುದ್ದಕ್ಕೂ ಇದೆ. ಹದಿನೈದನೇ ಶತಮಾನದಲ್ಲಿ ಸೆರೆಯಾಳಾಗಿ ಈ ಕಡೆ ಬಂದಿದ್ದ ಹಾನ್ಸ್ ಶಿಲ್ಟ್‌ಬರ್ಗರ್ ಎಂಬ ಜರ್ಮನ್ ಸೈನಿಕನೂ ಇದನ್ನು ಬರೆದಿಟ್ಟಿದ್ದಾನೆ.

ಸೋವಿಯತ್ ಸರ್ಕಾರವೇ ಹುಡುಕಲು ಹೊರಟಿದ್ದು 1958ರಲ್ಲಿ. ಹಿಂದಿನ ವರ್ಷ ಪಾಮೀರಿನ ಫೆದ್ಚೆಂಕೊ ಹಿಮನದಿಯ ಸೀಮೆಯಲ್ಲಿ ಕೆಲಸದಲ್ಲಿದ್ದ ಅಲೆಕ್ಸಾಂಡರ್ ಪ್ರೊನಿನ್ ಎಂಬ ಜಲತಜ್ಞ, ದೂರದಲ್ಲಿ ಮನುಷ್ಯನನ್ನು ಹೋಲುವ ಆಕೃತಿ ಕಂಡೆನೆಂದು ಹೇಳಿದ್ದ. ಇತಿಹಾಸಕಾರ ಬೋರಿಸ್ ಪೋರ್ಶ್ನೆವ್ ಒತ್ತಾಯದಿಂದ ಸೋವಿಯತ್ ವಿಜ್ಞಾನ ಅಕಾಡೆಮಿ ಪಾಮೀರಿಗೆ ತಂಡ ಕಳಿಸಿತು. ಮುಂದಾಳು ಕಿರಿಲ್ ಸ್ತಾನ್ಯುಕೊವಿಚ್ ಸಸ್ಯಶಾಸ್ತ್ರಜ್ಞ. ಹಿಮಮಾನವ ಸಿಗಲಿಲ್ಲ. ಪಾಮೀರಿನ ಗಿಡಗಳ ಬಗ್ಗೆ ಮಾತ್ರ ಒಳ್ಳೆಯ ಮಾಹಿತಿ ಸಿಕ್ಕಿತು.

ಡಿಎನ್‌ಎ ಪರೀಕ್ಷೆ ಬಂದ ಮೇಲೆ ವಾದದ ದಾರಿ ಬದಲಾಯಿತು. ಬ್ರಿಟನ್ನಿನ ಬ್ರಯನ್ ಸೈಕ್ಸ್ ತಂಡ ರಷ್ಯಾದ ಅಲ್ಮಾಸ್ತಿ, ಹಿಮಾಲಯದ ಯೇತಿ ಮುಂತಾದವುಗಳದ್ದೆಂದು ಜನ ಇಟ್ಟುಕೊಂಡಿದ್ದ ಕೂದಲುಗಳನ್ನು ತರಿಸಿಕೊಂಡು 2014ರಲ್ಲಿ ಫಲಿತಾಂಶ ಕೊಟ್ಟಿತು. ಕರಡಿ, ಕುದುರೆ, ಹಸು ಇತ್ಯಾದಿ ಸಿಕ್ಕವು, ಹೊಸ ವಾನರ ಒಂದೂ ಇಲ್ಲ. ಆದರೆ ಹಿಮಾಲಯದ ಎರಡು ಕೂದಲು ಪ್ರಾಚೀನ ಹಿಮಕರಡಿಗೆ ಹೊಂದುತ್ತವೆ ಎಂದು ತಂಡ ಹೇಳಿದ್ದು ದೊಡ್ಡ ಸುದ್ದಿಯಾಯಿತು. ಅಲ್ಲೇ ಎಡವಟ್ಟಾದದ್ದು. ಪರೀಕ್ಷಿಸಿದ್ದು ಡಿಎನ್‌ಎಯ ಬರೀ 104 ಅಕ್ಷರಗಳ ತುಣುಕು. ಮನೆತನದ ಹೆಸರು ಕೇಳಿದರೆ ಊರು ಹೇಳಬಹುದು, ಮನುಷ್ಯ ಯಾರೆಂದು ಹೇಳಲಾಗದು. ಅಷ್ಟು ಚಿಕ್ಕ ತುಣುಕಿನಿಂದ ಕರಡಿ ಎನ್ನಬಹುದೇ ಹೊರತು ಕಂದು ಕರಡಿಯೋ ಹಿಮಕರಡಿಯೋ ಎಂದು ಬೇರ್ಪಡಿಸುವುದು ಆಗದ ಮಾತು. ಬೇರೆಯವರು ಮತ್ತೆ ಪರಿಶೀಲಿಸಿ ಅದು ಕಂದು ಕರಡಿಯೇ ಇರಬೇಕೆಂದು ತೋರಿಸಿದರು.

2017ರಲ್ಲಿ ಅಮೆರಿಕದ ಬಫಲೊ ವಿಶ್ವವಿದ್ಯಾಲಯದ ಶಾರ್ಲಟ್ ಲಿಂಡ್‌ಕ್ವಿಸ್ಟ್ ತಂಡ ಇನ್ನೂ ಉದ್ದದ ಡಿಎನ್‌ಎ ಓದಿತು. ಯೇತಿಯದ್ದೆಂದು ಇಟ್ಟಿದ್ದ ಒಂಬತ್ತು ಮೂಳೆ, ಹಲ್ಲು, ಚರ್ಮ, ಕೂದಲು, ಮಲದ ಮಾದರಿಗಳಲ್ಲಿ ಎಂಟು ಕರಡಿಗಳದ್ದು, ಒಂದು ನಾಯಿಯದ್ದು. ಅದರ ಜೊತೆಗೇ ಹಿಮಾಲಯದ ಕಂದು ಕರಡಿಯ ವಂಶ ಉಳಿದ ಕಂದು ಕರಡಿಗಳಿಂದ ಸುಮಾರು 6.5 ಲಕ್ಷ ವರ್ಷ ಹಿಂದೆಯೇ ಕವಲೊಡೆದದ್ದು ಗೊತ್ತಾಯಿತು. ಯೇತಿಗಿಂತ ಇದೇ ಹೆಚ್ಚು ಬೆಲೆಬಾಳುವ ಸುದ್ದಿ ಎನ್ನಬೇಕು.

ಕರಡಿ ಮನುಷ್ಯನಂತೆ ಕಾಣುವುದು ಹೇಗೆ? ಮೊದಲನೆಯದು, ವಾಸನೆ ಹಿಡಿಯಲು, ದೂರ ನೋಡಲು ಅದು ಹಿಂಗಾಲ ಮೇಲೆ ನಿಲ್ಲುತ್ತದೆ. ಎರಡನೆಯದು ಹೆಜ್ಜೆ. ಕರಡಿ ನಡೆಯುವಾಗ ಮುಂಗಾಲು ಬಿದ್ದ ಜಾಗದ ಮೇಲೇ ಅರೆಬರೆಯಾಗಿ ಹಿಂಗಾಲು ಬೀಳುತ್ತದೆ. ಎರಡು ಸೇರಿ ಒಂದೇ ಉದ್ದನೆಯ ಪಾದವಾಗುತ್ತದೆ, ನಾಲ್ಕು ಕಾಲಿನ ಪ್ರಾಣಿ ಎರಡು ಕಾಲಲ್ಲಿ ನಡೆದಂತೆ ಸಾಲು ಮೂಡುತ್ತದೆ. ಬಿಸಿಲು ಬಿದ್ದರೆ ಅಂಚು ಕರಗಿ ಗುರುತು ಅಗಲವಾಗುತ್ತದೆ, ಉಗುರಿನ ಗೀರು ಅಳಿಯುತ್ತದೆ. 2019ರ ಏಪ್ರಿಲ್‌ನಲ್ಲಿ ಭಾರತೀಯ ಸೇನೆ ನೇಪಾಳದ ಮಕಾಲು ಶಿಬಿರದ ಬಳಿ ಕಂಡ 32×15 ಇಂಚಿನ ಹೆಜ್ಜೆಗಳ ಚಿತ್ರ ಹಾಕಿದಾಗ, ಅಲ್ಲಿನ ಜನ ಕರಡಿಯದ್ದೆಂದೇ ಹೇಳಿದ್ದರು.

ಮೂಳೆ ತಿನ್ನುವ ಹುಮಾ

ಪಾರಸಿ ನುಡಿ ಹಬ್ಬಿದ ಕಡೆಯೆಲ್ಲ ಹುಮಾ ಹಕ್ಕಿಯ ಮಾತಿದೆ. ಅದು ನೆಲಕ್ಕೆ ಇಳಿಯುವುದಿಲ್ಲ, ಯಾವ ಜೀವಿಯನ್ನೂ ಕೊಲ್ಲುವುದಿಲ್ಲ, ಮೂಳೆ ತಿಂದು ಬದುಕುತ್ತದೆ, ಅದರ ನೆರಳು ಬಿದ್ದವನು ರಾಜನಾಗುತ್ತಾನೆ. ಇದರಲ್ಲಿ ನೆರಳಿನ ಮಾತೊಂದನ್ನು ಬಿಟ್ಟರೆ ಉಳಿದದ್ದು ಗಡ್ಡದ ರಣಹದ್ದಿನ ವರ್ಣನೆ, ಸ್ವಲ್ಪ ಉತ್ಪ್ರೇಕ್ಷೆಯೊಂದಿಗೆ.

ರೆಕ್ಕೆ ಬಿಚ್ಚಿದರೆ ಎರಡೂವರೆ ಮೀಟರ್ ಆಸುಪಾಸು. ಬೆಟ್ಟದ ಮಗ್ಗುಲಿಗೆ ಬಡಿದು ಏಳುವ ಗಾಳಿಯ ಮೇಲೆ ರೆಕ್ಕೆ ಬಡಿಯದೆ ಗಂಟೆಗಟ್ಟಲೆ ತೇಲಬಲ್ಲದು. ಇದರ ಆಹಾರದಲ್ಲಿ ಬಹುಪಾಲು ಮೂಳೆ. ಬೇರೆ ರಣಹದ್ದುಗಳು ಮಾಂಸ ಮುಗಿಸಿ ಹೋದ ಮೇಲೆ ಬಂದು, ಸಣ್ಣ ಮೂಳೆಯನ್ನು ಇಡಿಯಾಗಿ ನುಂಗುತ್ತದೆ. ನುಂಗಲಾಗದ್ದನ್ನು ಕಾಲಲ್ಲಿ ಹಿಡಿದು 50ರಿಂದ 150 ಮೀಟರ್ ಮೇಲಕ್ಕೆ ಒಯ್ದು ಚಪ್ಪಟೆ ಬಂಡೆಯ ಮೇಲೆ ಬಿಡುತ್ತದೆ. ಒಡೆಯದಿದ್ದರೆ ಮತ್ತೆ ಎತ್ತಿ ಬಿಡುತ್ತದೆ. ಒಂದೇ ಬಂಡೆಯನ್ನು ವರ್ಷಗಟ್ಟಲೆ ಬಳಸುವುದರಿಂದ ಅದರ ಸುತ್ತ ಮೂಳೆಚೂರಿನ ಹಾಸು ಬಿದ್ದಿರುತ್ತದೆ. ಹೊಟ್ಟೆಯ ಆಮ್ಲ ಎಷ್ಟು ತೀಕ್ಷ್ಣವೆಂದರೆ ಮೂಳೆ ಒಂದು ದಿನದೊಳಗೆ ಕರಗುತ್ತದೆ. ಮಾಂಸ ಕೊಳೆಯುತ್ತದೆ, ಒಣಗಿದ ಮೂಳೆ ತಿಂಗಳುಗಟ್ಟಲೆ ಕೆಡುವುದಿಲ್ಲ, ಒಳಗಿನ ಕೊಬ್ಬು ಹಾಗೇ ಇರುತ್ತದೆ. ಚಳಿಗಾಲದಲ್ಲೂ ಊಟಕ್ಕೆ ತತ್ವಾರವಿಲ್ಲ.

ಎದೆಯ ಕಿತ್ತಳೆ ಬಣ್ಣ ಹುಟ್ಟಿನಿಂದ ಬಂದದ್ದಲ್ಲ. ಕಬ್ಬಿಣದ ಅಂಶವಿರುವ ಕೆಂಪು ಕೆಸರಿನಲ್ಲಿ ಮಿಂದು ಬಳಿದುಕೊಂಡದ್ದು. ಅಂಥ ಕೆಸರು ಸಿಗದ ಪಂಜರದ ಹಕ್ಕಿಗಳು ಬೆಳ್ಳಗೇ ಇರುತ್ತವೆ. ನೆಲಕ್ಕೆ ಇಳಿಯುವುದಿಲ್ಲ ಎಂಬ ಮಾತು ಇಲ್ಲಿ ಬಿದ್ದುಹೋಗುತ್ತದೆ.

ಕನ್ನಡನಾಡಿಗೂ ಈ ಹಕ್ಕಿ ಬಂದಿತ್ತು, ಚಿನ್ನದ ರೂಪದಲ್ಲಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ ಮಾಡಿಸಿದ್ದ ಸಿಂಹಾಸನದ ಮೇಲಾವರಣದ ತುದಿಯಲ್ಲಿ ಇದ್ದದ್ದು ಹುಮಾ: ಚಿನ್ನದ ಮೈ, ಅದಕ್ಕೆ ವಜ್ರ, ಮಾಣಿಕ್ಯ, ಪಚ್ಚೆ. 1799ರಲ್ಲಿ ಕೋಟೆ ಬಿದ್ದ ಮೇಲೆ ಸಿಂಹಾಸನವನ್ನು ಒಡೆದು ಹಂಚಿಕೊಂಡರು, ಹಕ್ಕಿ ಬ್ರಿಟಿಷ್ ದೊರೆಯ ಪಾಲಾಯಿತು. ಈಗಲೂ ಅದು ಅಲ್ಲಿನ ರಾಜಮನೆತನದ ಸಂಗ್ರಹದಲ್ಲಿದೆ. ಅದರಲ್ಲಿ ರಣಹದ್ದಿನ ಛಾಯೆ ಹುಡುಕಿದರೂ ಸಿಗದು. ಅಕ್ಕಸಾಲಿಗನಿಗೆ ತಲುಪುವ ಹೊತ್ತಿಗೆ ಹಕ್ಕಿ ಪೂರ್ತಿ ಕಥೆಯಾಗಿತ್ತು.

ಇದೇ ಜಾತಿಯ ಇನ್ನೊಂದು ಕಥೆ ಕಿರ್ಗಿಜರದ್ದು. ರಣಹದ್ದು ಇಟ್ಟ ಮೊಟ್ಟೆಯಿಂದ ನಾಯಿಮರಿ ಹೊರಬರುತ್ತದೆ, ಅದೇ ಕುಮಾಯಿಕ್, ಅದರಿಂದ ಯಾವ ಬೇಟೆಯೂ ತಪ್ಪಿಸಿಕೊಳ್ಳದು. ಅವರ ಮಹಾಕಾವ್ಯದ ನಾಯಕ ಮನಾಸನ ನಾಯಿ ಇದೇ. ಮೊಟ್ಟೆಯ ಮಾತು ಜೀವಶಾಸ್ತ್ರಕ್ಕೆ ನಿಲ್ಲುವುದಿಲ್ಲ ಎಂದು ಹೇಳಬೇಕಿಲ್ಲ. ಆದರೆ ತೈಗನ್ ಎಂಬ ಉದ್ದ ಕಾಲಿನ, ನೀಳ ಕೂದಲ ಬೇಟೆನಾಯಿ ತಳಿ ಟಿಯಾನ್ ಶಾನ್‌ನಲ್ಲಿ ಇಂದಿಗೂ ಇದೆ.

ಗ್ರಿಫಿನ್: ಚೆಂದದ ವಿವರಣೆ ಸರಿಯಾಗಿರಲೇಬೇಕೆಂದಿಲ್ಲ

ಹದ್ದಿನ ತಲೆ, ಸಿಂಹದ ಮೈ, ರೆಕ್ಕೆ; ಚಿನ್ನ ಕಾಯುವ ಪ್ರಾಣಿ. ಕ್ರಿಸ್ತಪೂರ್ವ ಐದನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಇದನ್ನು ದೂರದ ಸಿಥಿಯನ್ ನಾಡುಗಳ ಆಚೆಗೆ ಇಟ್ಟಿದ್ದಾನೆ. ಅಲ್ತಾಯ್ ಸೀಮೆಯಲ್ಲಿ ಚಿನ್ನವೂ ಸಿಗುತ್ತದೆ. ಇತಿಹಾಸ ಸಂಶೋಧಕಿ ಏಡ್ರಿಯನ್ ಮೇಯರ್ ಇದಕ್ಕೊಂದು ವಿವರಣೆ ಕೊಟ್ಟರು: ಗೋಬಿ ಮರುಭೂಮಿಯಲ್ಲಿ ಸಿಗುವ ಪ್ರೊಟೊಸೆರಾಟೊಪ್ಸ್ ಎಂಬ ಕೊಕ್ಕಿನ ಡೈನೊಸಾರ್‌ನ ಮೂಳೆಗಳನ್ನು ಚಿನ್ನ ಹುಡುಕುವವರು ಕಂಡು ಗ್ರಿಫಿನ್ ಕಥೆ ಕಟ್ಟಿದರು. ನಾಲ್ಕು ಕಾಲು, ಕೊಕ್ಕು, ತಲೆಯ ಹಿಂದೆ ಮೂಳೆಯ ಮೊರ, ಹೊಂದುತ್ತದೆ ಅನ್ನಿಸುತ್ತದೆ. ಸಾಕ್ಷ್ಯಚಿತ್ರಗಳಲ್ಲಿ ಮೂವತ್ತು ವರ್ಷ ಇದೇ ಓಡಿತು.

2024ರಲ್ಲಿ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮಾರ್ಕ್ ವಿಟನ್ ಮತ್ತು ರಿಚರ್ಡ್ ಹಿಂಗ್ ಇದನ್ನು ಮೂರು ಕಡೆಯಿಂದ ಪರೀಕ್ಷಿಸಿದರು. ಜಾಗ: ಈ ಪಳೆಯುಳಿಕೆ ಸಿಗುವ ತಾಣಗಳು ಪ್ರಾಚೀನ ಚಿನ್ನದ ತಾಣಗಳಿಂದ ನೂರಾರು ಕಿಲೋಮೀಟರ್ ದೂರ. ಸ್ಥಿತಿ: ಅಸ್ಥಿಪಂಜರ ಹೆಚ್ಚಾಗಿ ಬಂಡೆಯೊಳಗೆ ಹುದುಗಿರುತ್ತದೆ, ಹೊರಗೆ ಕಾಣುವುದು ಚೂರುಪಾರು, ಉಪಕರಣ ಹಿಡಿದು ಬಿಡಿಸದೆ ಇಡೀ ಪ್ರಾಣಿಯ ರೂಪ ಕಣ್ಣಿಗೆ ಬೀಳುವುದಿಲ್ಲ. ಕಾಲ: ಗ್ರಿಫಿನ್ ಚಿತ್ರಗಳು ಗ್ರೀಕರ ಈ ಕಥೆಗಿಂತ ಸಾವಿರಾರು ವರ್ಷ ಮೊದಲೇ ಪಶ್ಚಿಮ ಏಷ್ಯಾದಲ್ಲಿದ್ದವು. ಮೂರರಲ್ಲೂ ವಿವರಣೆ ನಿಲ್ಲಲಿಲ್ಲ.

ಹಾಗೆಂದು ಅಲ್ತಾಯ್‌ನಲ್ಲಿ ಗ್ರಿಫಿನ್ ಇರಲಿಲ್ಲವೆಂದಲ್ಲ, ಕಲೆಯಲ್ಲಿ ಧಾರಾಳವಾಗಿತ್ತು. ಪಜಿರಿಕ್‌ನ ಸಮಾಧಿಗಳೊಳಗೆ ನೀರು ಇಳಿದು ಹೆಪ್ಪುಗಟ್ಟಿದ್ದರಿಂದ ಮರ, ಚರ್ಮ, ಉಣ್ಣೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಕೊಳೆಯದೆ ಉಳಿದವು, ಅವುಗಳ ಮೇಲಿನ ಗ್ರಿಫಿನ್‌ಗಳೂ ಉಳಿದವು. 1993ರಲ್ಲಿ ನತಾಲಿಯಾ ಪೊಲೊಸ್ಮಾಕ್ ಉಕೊಕ್ ಪ್ರಸ್ಥಭೂಮಿಯ ಮಂಜುಗಡ್ಡೆಯೊಳಗಿಂದ ತೆಗೆದ ಮಹಿಳೆಯ ಎಡ ಭುಜದಲ್ಲಿ ಒಂದು ಹಚ್ಚೆ ಇದೆ: ಮೈ ಜಿಂಕೆಯದು, ಮೂತಿ ಗ್ರಿಫಿನ್ ಕೊಕ್ಕು, ಕೊಂಬಿನ ಕವಲುಗಳ ತುದಿಯಲ್ಲಿ ಪುಟ್ಟ ಹಕ್ಕಿತಲೆಗಳು. ಬೇಟೆಯಾಡುವ ಪ್ರಾಣಿ, ಬೇಟೆಯಾಗುವ ಪ್ರಾಣಿ ಎರಡನ್ನೂ ಒಂದೇ ಮೈಯಲ್ಲಿ ಹೆಣೆಯುವುದು ಈ ಸಮಾಧಿಗಳ ಜನರ ಶೈಲಿ. ಅದಕ್ಕೆ ಡೈನೊಸಾರ್ ಬೇಕಿರಲಿಲ್ಲ.

ನಂಬದಿದ್ದದ್ದು ನಿಜವಾದ ಕಾಡುಕುರಿ

ತಿರುವುಮುರುವಾದ ಪ್ರಕರಣವೂ ಒಂದಿದೆ. ಹದಿಮೂರನೇ ಶತಮಾನದಲ್ಲಿ ಪಾಮೀರ್ ದಾಟಿದ ಮಾರ್ಕೊ ಪೋಲೊ, ಅಲ್ಲಿನ ಕಾಡುಕುರಿಗಳ ಕೊಂಬು ಆರು ಗೇಣಿನವರೆಗೂ ಇರುತ್ತದೆ, ಕುರುಬರು ಅದರಿಂದ ಬಟ್ಟಲು ಮಾಡುತ್ತಾರೆ, ಕುರಿಗಳಿಗೆ ಬೇಲಿ ಕಟ್ಟುತ್ತಾರೆ ಎಂದು ಹೇಳಿದ. 1838ರಲ್ಲಿ ಆಕ್ಸಸ್ ನದಿಯ ಮೂಲ ಹುಡುಕಿ ಹೋದ ಜಾನ್ ವುಡ್ ಅಂಥ ಕೊಂಬುಗಳನ್ನು ತಂದ ಮೇಲೆ, 1841ರಲ್ಲಿ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಬ್ಲೈತ್ ಅದಕ್ಕೆ ಪೋಲೊನ ಹೆಸರನ್ನೇ ಇಟ್ಟ. ದಾಖಲಾದ ಅತಿ ಉದ್ದದ ಕೊಂಬು ಸುರುಳಿಯುದ್ದಕ್ಕೂ ಅಳೆದರೆ 190 ಸೆಂಟಿಮೀಟರ್. ಪೋಲೊ ಹೇಳಿದ್ದು ಕಡಿಮೆಯೇ ಆಯಿತು.

ಹೊಸ ಸುದ್ದಿ ಬಂದರೆ ಏನು ನೋಡಬೇಕು?

ಹೆಜ್ಜೆಯ ಚಿತ್ರವಾದರೆ, ಪಕ್ಕದಲ್ಲಿ ಅಳತೆಗೆ ಪಟ್ಟಿಯೋ ಗೊತ್ತಿರುವ ವಸ್ತುವೋ ಇದೆಯೇ, ಒಂದೇ ಹೆಜ್ಜೆಯೋ ಸಾಲೋ, ಬಿಸಿಲು ಬೀಳುವ ಕಡೆಯದೋ ನೆರಳಿನದೋ ನೋಡಿ. ಒಂದೇ ಹೆಜ್ಜೆಯ ಚಿತ್ರದಿಂದ ಏನೂ ತೀರ್ಮಾನವಾಗದು. ಸಾಲಿನಲ್ಲಿ ಒಂದಾದರೂ ಕಡೆ ಮುಂಗಾಲು ಹಿಂಗಾಲು ಬೇರೆಯಾಗಿ ಬಿದ್ದಿರುತ್ತವೆ, ಇಲ್ಲವೇ ನೆರಳಲ್ಲಿ ಉಗುರಿನ ಗೀರು ಉಳಿದಿರುತ್ತದೆ.

ಕೂದಲೋ ಮಲವೋ ಸಿಕ್ಕಿತೆಂದರೆ, ಯಾವ ಪ್ರಯೋಗಾಲಯ, ಡಿಎನ್‌ಎಯ ಎಷ್ಟು ಉದ್ದ ಓದಿದರು ಎಂದು ಕೇಳಬೇಕು. ಸಂಗ್ರಹಿಸುವಾಗಲೇ ಕೆಡುವುದು ಹೆಚ್ಚು. ಕೂದಲನ್ನು ಬುಡಸಮೇತ, ಕೈ ತಾಗಿಸದೆ ಚಿಮಟದಿಂದ ಎತ್ತಿ ಕಾಗದದ ಲಕೋಟೆಯಲ್ಲಿ ಒಣಗಿಸಿಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತು ಬೂಸ್ಟು ಹಿಡಿದು ಡಿಎನ್‌ಎ ಮುರಿಯುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಮುಟ್ಟಿದವರ ಡಿಎನ್‌ಎ ಸೇರುತ್ತದೆ, ಆಮೇಲೆ ವರದಿಯಲ್ಲಿ ಮನುಷ್ಯನ ಅಂಶ ಕಂಡುಬಂತು ಎಂದು ಬರುತ್ತದೆ, ಮರುದಿನ ಅದೇ ಶೀರ್ಷಿಕೆಯಾಗುತ್ತದೆ.